ಯಾವ ಆಕಳು ಮೊದಲು

ಸೋಸುವ ಜಾಲರಿಯಲ್ಲಿ ಜೋಳದ ನುಚ್ಚಿನಷ್ಟು ಸಣ್ಣ ಬಿಳಿ ಚೂರುಗಳು ಉಳಿದಿದ್ದವು. ಬೆರಳಿನಿಂದ ತಿಕ್ಕಿ ನೋಡಿದೆ. ನುಚ್ಚಲ್ಲ, ಹಾಲೇ ಒಡೆದು ಗಂಟಾಗಿತ್ತು. ಅದು ಮಾಸ್ತರರ ಮನೆಯ ಹಾಲು. ಅವರ ಕಪ್ಪು-ಬಿಳಿ ಮಿಶ್ರತಳಿ ಆಕಳು ಈದು ಇನ್ನೂ ತಿಂಗಳು ತುಂಬಿರಲಿಲ್ಲ. ಹಾಲನ್ನು ವಾಪಸು ಕೊಟ್ಟೆ. ಮಾಸ್ತರರ ಹೆಂಡತಿ ಮುಖ ಸಣ್ಣದು ಮಾಡಿಕೊಂಡರು. ನಾಲ್ಕರಲ್ಲಿ ಒಂದು ಮೊಲೆ ಎರಡು ದಿನದಿಂದ ಬಿಸಿಯಾಗಿ ಬಿಗಿದುಕೊಂಡಿದೆ, ಮುಟ್ಟಿದರೆ ಆಕಳು ಕಾಲು ಎತ್ತುತ್ತದೆ ಎಂದರು. ಕೆಚ್ಚಲು ಬಾವು ಎಂದು ತಿಳಿಯಲು ಡಾಕ್ಟರೇ ಬರಬೇಕಾಗಿರಲಿಲ್ಲ.

ನಮ್ಮದು ಆಲಮೇಲದಿಂದ ಸಿಂದಗಿಗೆ ಹೋಗುವ ಬಸ್ಸು ನಿಲ್ಲುವ ಊರು. ನಾನು ಇಲ್ಲಿನ ಹಾಲಿನ ಸಂಘದ ಕಾರ್ಯದರ್ಶಿ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಊರಿಗೆಲ್ಲ ನಾನು ಆಪಾ, ಅಂದರೆ ಅಕ್ಕ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಸೋಸಿ, ಅಳೆದು, ಯಂತ್ರಕ್ಕೆ ಕೊಡುತ್ತೇನೆ. ಜಿಡ್ಡು ಎಷ್ಟು, ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು ಎಂದು ಅದು ಚೀಟಿ ಕೊಡುತ್ತದೆ. ಆದರೂ ನಾನೊಂದು ಬೇರೆ ನೋಟ್‌ಬುಕ್ ಇಟ್ಟಿದ್ದೇನೆ. ಯಂತ್ರಕ್ಕೆ ಗೊತ್ತಾಗದ್ದು ಅದರಲ್ಲಿ ಇರುತ್ತದೆ. 'ಕರು ಹಗ್ಗ ಬಿಚ್ಚಿಕೊಂಡು ಕುಡಿದಿದೆ.' 'ಹಾಲಿಗೆ ಉಳ್ಳಾಗಡ್ಡಿ ವಾಸನೆ.' 'ಇವತ್ತು ಸೊಸೆ ಹಿಂಡಿದ್ದು.' ನಮ್ಮ ಮನೆಯವರು ಇದನ್ನು ನನ್ನ ಚಾಡಿ ಪುಸ್ತಕ ಎಂದು ಕರೆಯುತ್ತಾರೆ. ಕರೆಯಲಿ.

ಮಾಸ್ತರರ ಆಕಳನ್ನು ಹಿಂಡುತ್ತಿದ್ದವಳು ಚಿಗವ್ವ. ಯಾರಿಗೋ ಚಿಗವ್ವ, ಅಂದರೆ ಚಿಕ್ಕಮ್ಮ, ಆಗಿದ್ದವಳು ಕ್ರಮೇಣ ಊರಿಗೇ ಚಿಗವ್ವ ಆಗಿಬಿಟ್ಟಳು. ಅರವತ್ತರ ಆಸುಪಾಸು, ಸಣ್ಣ ಆಳು, ಅಗಲ ಅಂಗೈ. ಸ್ವಂತ ಆಕಳಿಲ್ಲ. ಆರು ಮನೆಗಳ ಒಂಬತ್ತು ಆಕಳನ್ನು ಎರಡು ಹೊತ್ತೂ ಹಿಂಡಿ ಕೊಡುತ್ತಾಳೆ. ಅವಳ ಒಲೆ ಉರಿಯುವುದು ಅದರಿಂದಲೇ. ಗೌಡರ ಮನೆಯಲ್ಲಿ ಮೂರು, ಗಿರಣಿಯವರಲ್ಲಿ ಎರಡು, ಟೇಲರ್ ಮನೆಯಲ್ಲಿ ಒಂದು, ಬಾವಿ ಓಣಿಯ ಎರಡು ಮನೆಯಲ್ಲಿ ಒಂದೊಂದು, ಕೊನೆಗೆ ತನ್ನ ಗುಡಿಸಲಿನ ಹತ್ತಿರದ ಮಾಸ್ತರರದು ಒಂದು.

ಅವಳು ಹಿಂಡುವುದನ್ನು ನೋಡಬೇಕು. ಬಹಳ ಜನ ಹೆಬ್ಬೆರಳನ್ನು ಒಳಗೆ ಮಡಚಿ, ಗಿಣ್ಣಿನಿಂದ ಒತ್ತಿ ಎಳೆಯುತ್ತಾರೆ. ಬೇಗ ಆಗುತ್ತದೆ, ಆದರೆ ಮೊಲೆಯ ಒಳಗೆ ಗಾಯವಾಗುತ್ತದೆ. ಚಿಗವ್ವ ಹಾಗಲ್ಲ. ಐದೂ ಬೆರಳಲ್ಲಿ ಮೊಲೆಯನ್ನು ಪೂರ್ತಿ ಹಿಡಿದು, ಮೇಲಿನಿಂದ ಒಂದೊಂದೇ ಬೆರಳು ಬಿಗಿಮಾಡುತ್ತ ಬರುತ್ತಾಳೆ. ಎಳೆಯುವುದೇ ಇಲ್ಲ. ಹಿಂಗಾಲಿಗೆ ಹಗ್ಗ ಕಟ್ಟಿದ್ದನ್ನು ನಾನು ಕಂಡಿಲ್ಲ. ಓಣಿಯ ತಿರುವಿನಿಂದಲೇ ಆಕಳ ಜೊತೆ ಮಾತು ಶುರು ಮಾಡುತ್ತಾಳೆ: ನಿನ್ನೆ ಏನು ತಿಂದಿ, ಯಾಕೆ ಹಂಗ ನೋಡ್ತಿ, ನಿನ್ನ ಮಗಳು ಹೆಂಗಿದ್ದಾಳ. ಕೊಟ್ಟಿಗೆ ಸೇರುವಷ್ಟರಲ್ಲಿ ಆಕಳು ಕೆಚ್ಚಲಿಗೆ ಹಾಲು ಇಳಿಸಿ ನಿಂತಿರುತ್ತದೆ. ಚೊಚ್ಚಲ ಆಕಳು ಈದರೆ ಮೊದಲ ಸಲ ಹಿಂಡಲು ಬೇರೆ ಓಣಿಯವರೂ ಅವಳನ್ನು ಕರೆಯುತ್ತಾರೆ. ಅವಳ ಕೈಗುಣ ಚಲೋ ಎಂದು ಊರು ಒಪ್ಪಿಕೊಂಡು ವರ್ಷಗಳಾಗಿವೆ.

ಅವತ್ತು ಸಿಂದಗಿಯ ಪಶುವೈದ್ಯರಿಗೆ ಫೋನು ಮಾಡಿದೆ. ಅವರು ಮೊಲೆಯೊಳಗೆ ಬಿಡುವ ಔಷಧದ ಟ್ಯೂಬಿನ ಹೆಸರು ಬರೆಸಿ, ಮೊಲೆಯ ತುದಿಯನ್ನು ಸ್ಪಿರಿಟ್ಟಿನ ಅರಳೆಯಿಂದ ಒರೆಸಿ ಹೇಗೆ ಬಿಡಬೇಕು ಎಂದು ವಿವರಿಸಿ, "ಮೊದಲ ಆ ಮೊಲಿ ಪೂರಾ ಖಾಲಿ ಮಾಡಸ್ರಿ, ಆಮ್ಯಾಲೆ ಔಷಧ" ಎಂದರು. ನಾನು ಚಿಗವ್ವನ ಹತ್ತಿರ ಹೋಗಿ, "ಮೊದಲ ಅದನ್ನ ಖಾಲಿ ಮಾಡಬೇಕಂತ" ಎಂದೆ. ಅಷ್ಟೇ ಹೇಳಿದ್ದು. ಅವಳು ತಲೆಯಾಡಿಸಿ, ಬೇನೆ ಬಂದವಳನ್ನು ಕಾಯಿಸಬಾರದು, ಡಾಕ್ಟರು ಸರಿಯಾಗೇ ಹೇಳಿದ್ದಾರೆ ಎಂದಳು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಾಸ್ತರರ ಮನೆಯವರು ಟ್ಯೂಬು ಬಿಟ್ಟರು. ಬಾವು ಇಳಿಯಿತು. ಔಷಧದ ಅಂಶ ಹೋಗುವವರೆಗೆ ಆ ಹಾಲು ಸಂಘಕ್ಕೆ ಬೇಡ ಎಂದಿದ್ದೆ, ಅವರೂ ತರಲಿಲ್ಲ. ದಿನ ತುಂಬಿದ ಮೇಲೆ ಬಂದ ಹಾಲಿನಲ್ಲಿ ಚೂರು ಇರಲಿಲ್ಲ. ನೋಟ್‌ಬುಕ್ಕಿನಲ್ಲಿ 'ಮಾಸ್ತರರ ಆಕಳು ಆರಾಮ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಗೆರೆ ಎಳೆಯಲು ಅವಸರ ಮಾಡಿದೆ ಎಂದು ಈಗ ಅನ್ನಿಸುತ್ತದೆ.

ಎರಡು ವಾರ ಕಳೆದಿರಬೇಕು. ಗೌಡರ ಮನೆಯ ಹಾಲಿನ ಗಟ್ಟಿ ಅಂಶ ಇಳಿಯತೊಡಗಿತು. ದಿನಕ್ಕೆ ಸ್ವಲ್ಪ ಸ್ವಲ್ಪ, ಯಾರಾದರೂ ನೀರು ಬೆರೆಸುತ್ತಿದ್ದಾರೋ ಎನ್ನುವ ಹಾಗೆ. ಗೌಡರ ಮನೆಗೆ ಹೋಗಿ ನೀರು ಹಾಕ್ತೀರೇನು ಎಂದು ಕೇಳುವುದು ಹೇಗೆ? ಯಂತ್ರದ ಮೇಲೆ ಅನುಮಾನ ಪಟ್ಟು ತೊಳೆದೆ. ಆಮೇಲೆ ತಪ್ಪನ್ನು ಮೇವಿನ ಮೇಲೆ ಹಾಕಿದೆ; ಕಬ್ಬು ಕಡಿಯುವ ಕಾಲ, ಎಲ್ಲರೂ ಬರೀ ಕಬ್ಬಿನ ತುದಿಯ ಹಸಿ ಎಲೆ, ವಾಡೆಯನ್ನೇ ಹಾಕುತ್ತಿದ್ದರು. ಸ್ವಲ್ಪ ಜೋಳದ ಒಣ ಕಣಿಕೆ ಕೊಡಿ, ಲವಣದ ಪುಡಿ ಬೆರೆಸಿ ಎಂದು ಹೇಳಿಕಳಿಸಿದೆ. ಕೊಟ್ಟರು. ಅಂಶ ಏರಲಿಲ್ಲ. ಅಷ್ಟರಲ್ಲಿ ಗಿರಣಿಯವರ ಹಾಲೂ ಇಳಿಯಿತು. ಒಂದು ಬೆಳಿಗ್ಗೆ ಗೌಡರ ಕ್ಯಾನಿನ ಹಾಲನ್ನು ಸೌಟಿನಲ್ಲಿ ಕಾಯಿಸಿ ನೋಡಿದರೆ ಕಣ್ಣೆದುರೇ ಒಡೆಯಿತು. ಅದೇ ಸಂಜೆ ಅವರ ಒಂದು ಆಕಳ ಕೆಚ್ಚಲು ಊದಿದೆ ಎಂದು ಸುದ್ದಿ ಬಂತು.

ಈ ಸಲ ಡಾಕ್ಟರನ್ನು ಬರಹೇಳಿದೆ. ಅವರು ಬಂದು ಒಂಬತ್ತೂ ಆಕಳನ್ನು ನೋಡಬೇಕು ಎಂದರು. ಬಾವು ಬಂದಿರುವುದು ಒಂದಕ್ಕೇ ಅಲ್ಲವೇ ಎಂದೆ. ಬಾವು ಕಾಣುವುದು ಒಂದಾದರೆ ಕಾಣದ್ದು ನಾಲ್ಕು ಇರಬಹುದು ಎಂದು ಹೇಳಿ, ಮನೆಯಲ್ಲಿ ಬಟ್ಟೆ ಒಗೆಯುವ ಪುಡಿ ಇದೆಯೇ ಎಂದು ಕೇಳಿದರು.

ಲೀಟರ್ ನೀರಿಗೆ ಮೂವತ್ತು ಗ್ರಾಂ ಪುಡಿ ಕರಗಿಸಿದೆವು. ನಮ್ಮ ಮನೆಯ ನಾಲ್ಕು ಸ್ಟೀಲಿನ ವಾಟಿ ತಂದೆ. ನಾಲ್ಕು ಮೊಲೆಗೆ ನಾಲ್ಕು ವಾಟಿ. ಅದಲುಬದಲಾಗದಂತೆ ಒಂದರಿಂದ ನಾಲ್ಕು ಅಂಕಿ ಬರೆದು ಅಂಟಿಸಿದೆ. ಮೊದಲ ಧಾರೆ ಬಿಟ್ಟು, ಆಮೇಲಿನದನ್ನು ಎರಡು ಚಮಚೆಯಷ್ಟು ವಾಟಿಗೆ ಹಿಂಡಿ, ಅಷ್ಟೇ ಸಾಬೂನು ನೀರು ಹಾಕಿ ಮೆಲ್ಲಗೆ ತಿರುವುವುದು. ಒಳ್ಳೆ ಹಾಲಾದರೆ ನೀರಿನ ಹಾಗೇ ಓಡಾಡುತ್ತದೆ. ಒಳಗೆ ಸೋಂಕಿದ್ದರೆ ನೋಡುತ್ತಿದ್ದಂತೆ ಗಂಜಿಯಾಗುತ್ತದೆ, ವಾಟಿ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರುತ್ತದೆ.

ಮಾಸ್ತರರ 'ಆರಾಮಾದ' ಆಕಳ ಮೂರನೆಯ ವಾಟಿ ಮುದ್ದೆಯಾಯಿತು. ಹೊರಗೆ ಬಾವಿಲ್ಲ, ಬಿಸಿಯಿಲ್ಲ, ಹಾಲು ನೋಡಲು ಬೆಳ್ಳಗಿದೆ, ಒಳಗೆ ರೋಗ ಹಾಗೇ ಕೂತಿದೆ. ಗೌಡರ ಮನೆಯಲ್ಲಿ ಊದಿದ ಆಕಳ ಜೊತೆ ಇನ್ನೊಂದರದೂ ಮುದ್ದೆ. ಗಿರಣಿಯವರ ಒಂದು ಆಕಳದು ಗಂಜಿ. ಟೇಲರ್ ಮನೆಯದು ಸ್ವಲ್ಪ ಲೋಳೆ. ಬಾವಿ ಓಣಿಯ ಎರಡೂ ಸ್ವಚ್ಛ. ಡಾಕ್ಟರು ಕೈ ತೊಳೆಯುತ್ತ, ಇದು ಗಾಳಿಯಲ್ಲಿ ಬರುವ ರೋಗವಲ್ಲ, ಹಿಂಡುವ ಕೈಯಿಂದ, ಒರೆಸುವ ಬಟ್ಟೆಯಿಂದ ಒಂದರಿಂದ ಒಂದಕ್ಕೆ ಹೋಗುವ ಜಾತಿ ಎಂದರು. ಹಿಂಡುವವರು ಯಾರು ಎಂದು ಕೇಳಿದರು. ಹೇಳಿದೆ.

ಗೌಡರ ಮನೆಯ ಅಂಗಳದಲ್ಲೇ ಈ ಮಾತಾಗಿದ್ದು. ಗೌಡಸಾನಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಹಂಗಾರ ಆಕಿ ಕೈಗುಣಾ ಕೆಟ್ಟೈತಿ. ನಾಳಿಂದ ನಮ್ಮನಿಗೆ ಬ್ಯಾಡ" ಎಂದರು. ಅವರದು ಕೂಗಾಡುವ ಸ್ವಭಾವವಲ್ಲ. ಅದಕ್ಕೇ ಆ ಮಾತು ಭಾರವಾಗಿತ್ತು. ಗೌಡರ ಮನೆ ಬಿಟ್ಟರೆ ಒಂಬತ್ತರಲ್ಲಿ ಮೂರು ಆಕಳು ಹೋದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಚಿಗವ್ವನ ಕೈಗುಣ ಕೆಟ್ಟಿದೆ ಎನ್ನುವ ಮಾತು ಗೌಡರ ಬಾಗಿಲು ದಾಟಿದರೆ ಉಳಿದ ಐದು ಮನೆಗಳೂ ಹೆಚ್ಚು ದಿನ ಉಳಿಯುವುದಿಲ್ಲ. ಆ ವಯಸ್ಸಿಗೆ ಅವಳಿಗೆ ಬೇರೆ ಕೆಲಸ ಯಾವುದು?

ಮಧ್ಯಾಹ್ನ ರೊಟ್ಟಿ ಬಡಿಯುವುದು ಬಿಟ್ಟು ನೋಟ್‌ಬುಕ್ ಹಿಡಿದು ಕೂತೆ. ರೋಗ ಬಿದ್ದ ಮನೆಗಳನ್ನು ದಿನದ ಪ್ರಕಾರ ಬರೆದೆ: ಮಾಸ್ತರರು, ಗೌಡರು, ಗಿರಣಿ, ಟೇಲರ್. ವಾಟಿಯಲ್ಲಿ ಹಾಲು ಗಟ್ಟಿಯಾದದ್ದೂ ಇದೇ ಸಾಲಿನಲ್ಲಿ ಕಡಿಮೆಯಾಗುತ್ತ ಹೋಗಿತ್ತು. ಆದರೆ ಚಿಗವ್ವ ಹಿಂಡುವ ಸಾಲು ಇದಲ್ಲವಲ್ಲ, ಮಾಸ್ತರರದು ಕೊನೆಯದಲ್ಲವೇ ಎಂದು ಪುಟ ತಿರುವಿದೆ. ಹಾಲು ತರುವ ಹೊತ್ತನ್ನೂ ನಾನು ಬರೆದಿಡುತ್ತೇನೆ. ಮಾಸ್ತರರ ಹೆಂಡತಿ ಯಾವಾಗಲೂ ಸರತಿಯ ಕೊನೆಗೆ ಬರುತ್ತಿದ್ದವರು, ನಾನು ಡಾಕ್ಟರ ಮಾತು ಹೇಳಿದ ಮಾರನೆಯ ದಿನದಿಂದ ಎಲ್ಲರಿಗಿಂತ ಮುಂಚೆ ಬಂದಿದ್ದರು. ಔಷಧದ ದಿನಗಳಲ್ಲೂ, ಈ ಹಾಲು ಎಲ್ಲಿ ಚೆಲ್ಲಲಿ ಎಂದು ಕೇಳಲು ಬಂದದ್ದು ಎಲ್ಲರಿಗಿಂತ ಮೊದಲೇ.

ಆಗ ತಿಳಿಯಿತು. ಡಾಕ್ಟರು ಹೇಳಿದ 'ಮೊದಲ' ಔಷಧಕ್ಕಿಂತ ಮೊದಲು. ನಾನು ಹೇಳಿದ 'ಮೊದಲ' ಚಿಗವ್ವನಿಗೆ ಎಲ್ಲ ಆಕಳಿಗಿಂತ ಮೊದಲು ಎಂದು ಕೇಳಿಸಿತ್ತು. ಬೇನೆ ಬಂದವರಿಗೆ ಮೊದಲು ಬಡಿಸುವ ಹೆಂಗಸು ಅವಳು. ಬೇರೆ ಅರ್ಥ ಅವಳಿಗೆ ಹೊಳೆಯುವುದೇ ಇಲ್ಲ. ತನ್ನ ಸುತ್ತನ್ನೇ ಬದಲಿಸಿ, ರೋಗದ ಆಕಳನ್ನು ಹಿಂಡಿ, ಅದೇ ಕೈ, ಅದೇ ಒರೆಸುವ ಅರಿವೆ ತೆಗೆದುಕೊಂಡು ಗೌಡರ ಮನೆಗೆ ಹೋಗಿದ್ದಳು. ಮೊದಲ ಮನೆ ತಪ್ಪಿದ್ದಕ್ಕೆ ಗೌಡಸಾನಿ ಎರಡನೆಯದಾದರೂ ನಮ್ಮದೇ ಆಗಬೇಕು ಎಂದಿದ್ದರಂತೆ. ರೋಗ ಅವರನ್ನು ಎರಡನೆಯದಾಗೇ ಹುಡುಕಿಕೊಂಡು ಹೋಯಿತು.

ಸುಮ್ಮನಿದ್ದರೆ ತಪ್ಪು ಪೂರಾ ಚಿಗವ್ವನ ಕೈಗೇ ಅಂಟುತ್ತಿತ್ತು. ಸಂಜೆ ಹಾಲಿನ ಹೊತ್ತಿಗೆ ಎಲ್ಲರೂ ಸೇರುತ್ತಾರೆ, ಅಲ್ಲಿ ಯಾರಾದರೂ ಅವಳಿಗೆ ಮುಖದ ಮೇಲೆ ಅನ್ನುವ ಮೊದಲೇ ನಾನು ಹೇಳಬೇಕು ಎಂದು ನಿರ್ಧರಿಸಿ ಅವಳ ಮನೆಗೆ ಹೋದೆ.

ಅವಳು ಹೊಸ್ತಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಒಂದೂ ಬಿಡದೆ ಹೇಳಿದೆ: ಡಾಕ್ಟರು ಅಂದದ್ದು, ಗೌಡಸಾನಿ ಅಂದದ್ದು, ನಾನು ಅಂದದ್ದು, ಅವಳು ತಿಳಿದದ್ದು. ಕೇಳುತ್ತ ಕೇಳುತ್ತ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಅಂಗೈ ಎರಡನ್ನೂ ತಿರುಗಿಸಿ ನೋಡಿಕೊಂಡಳು.

"ಅಂದ್ರ ಗೌಡಸಾನಿ ಅಂದದ್ದು ಖರೇ ಆತು" ಎಂದಳು.

"ಅದು ಕೈಗುಣಾ ಅಲ್ಲ, ಚಿಗವ್ವ. ಕಣ್ಣಿಗೆ ಕಾಣದ ಹುಳ. ಸಾಬೂನ ಹಚ್ಚಿ ತೊಳದ್ರ ಹೋಗ್ತೈತಿ."

ಅವಳು, "ತೊಳದ್ರ ಹೋಗೂದಕ್ಕ ಯಾರರ ಗುಣಾ ಅಂತಾರೇನ?" ಎಂದಳು. ನಗಲಿಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ವಿಚಾರ ಮಾಡುತ್ತಿದ್ದಳು. ಆಮೇಲೆ, ಯಾವ ಆಕಳನ್ನು ಯಾವುದರ ಹಿಂದೆ ಹಿಂಡಬೇಕು, ಸರಿಯಾಗಿ ಹೇಳು ಎಂದಳು. ಹೇಳಿದೆ. ಸ್ವಚ್ಛ ಇದ್ದವು ಮೊದಲು, ಅನುಮಾನದವು ನಡುವೆ, ರೋಗದವು ಕೊನೆಗೆ. ಅವಳಿಗೆ ಒಪ್ಪಿಗೆಯಾಗದ್ದು ಅದೊಂದೇ. "ಬ್ಯಾನಿ ಬಂದಾಕಿನ್ನ ಕೊನಿಗೆ ನಿಂದರಸೂದಂದ್ರ ಹೆಂಗ ತಂಗಿ? ಆಕಿ ಬಾಯಿಲ್ಲದಾಕಿ" ಎಂದು ಎರಡು ಸಲ ಅಂದಳು. ಉಳಿದ ಬಾಯಿಲ್ಲದವರ ಸಲುವಾಗಿ ಎಂದೆ. ಮತ್ತೆ ಕೇಳಲಿಲ್ಲ.

ಸಂಜೆ ಸಂಘದ ಮುಂದೆ ಕ್ಯಾನು ಹಿಡಿದು ಎಲ್ಲರೂ ನಿಂತಿದ್ದಾಗ ಅವಳೇ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಕಟ್ಟೆಯ ಪಕ್ಕ ನಿಂತು, ಸೆರಗು ಸರಿಮಾಡಿಕೊಂಡು ಹೇಳಿದಳು: "ಬ್ಯಾನಿ ನನ್ನ ಕೈಲೇ ಹೋಗೇತ್ರಿ. ಗೌಡ್ರ ಮನಿಗೂ, ಗಿರಣಿಯವರಿಗೂ. ಬ್ಯಾಡ ಅನ್ನವರು ಇಲ್ಲೇ ಹೇಳ್ರಿ, ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ. ಬರಲಿ ಅನ್ನವರು ಆಕಳಿಗೊಂದು ಬ್ಯಾರೆ ಅರಿಬಿ, ಮನಿಗೊಂದು ಸಾಬೂನ ಇಡ್ರಿ."

ನನ್ನ ಹೆಸರು ಎತ್ತಲಿಲ್ಲ. ತಪ್ಪನ್ನು ಹೀಗೆ ಕೊಡ ಹೊತ್ತ ಹಾಗೆ ಒಬ್ಬರೇ ಹೊತ್ತು ನಿಲ್ಲುವವರನ್ನು ನಾನು ಹೆಚ್ಚು ಕಂಡಿಲ್ಲ. ಕೈ ಅವಳದು, ಮಾತು ನನ್ನದು ಎಂದು ಹೇಳಿ ಇಡೀ ಕಥೆ ಬಿಚ್ಚಿದೆ. ಗಿರಣಿಯವರು, "ಸಾಬೂನ ಮೈಗೆ ಹಚ್ಚೂದ ಇಡಬೇಕೋ, ಅರಿಬಿದೋ?" ಎಂದರು. ಅದು ಒಪ್ಪಿಗೆ. ಟೇಲರ್ ಮನೆಯವರು ತುಂಡು ಬಟ್ಟೆಗೆ ತಮ್ಮಲ್ಲಿ ಬರವಿಲ್ಲ, ಒಂಬತ್ತೂ ಆಕಳಿಗೆ ಒಂದೊಂದು ಬಣ್ಣದ್ದು ಹೊಲಿದು ಕೊಡುತ್ತೇವೆ ಎಂದರು. ಗೌಡರ ಮನೆಯ ಕ್ಯಾನು ತಂದಿದ್ದ ಆಳು ಮಾತ್ರ ಚೀಟಿ ತೆಗೆದುಕೊಂಡು ಸುಮ್ಮನೆ ಹೋದ. ಚಿಗವ್ವನ ಒಂಬತ್ತು ಆಕಳು ಆರಾದವು.

ಮೊದಲ ಎಂಟು ದಿನ ನಾನೂ ಅವಳ ಹಿಂದೆ ಸುತ್ತಿದೆ. ಸಂಘ ತೆರೆಯುವ ಮುಂಚೆ ಒಂದು ತಾಸು. ಬಾವಿ ಓಣಿಯಿಂದ ಶುರು. ಕೈ ಮೊಣಕೈವರೆಗೆ ತೊಳೆಯುವುದು. ಕೆಚ್ಚಲನ್ನು ಆ ಆಕಳ ಅರಿವೆಯಿಂದಲೇ ಒರೆಸಿ ಒಣಗಿಸುವುದು. ಮೊದಲಿನ ಧಾರೆಯನ್ನು ನೆಲಕ್ಕೆ ಬಿಡದೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ, ಚೂರು ಇವೆಯೇ ನೋಡುವುದು. ಹಿಂಡಿ ಮುಗಿದ ಮೇಲೆ ಡಾಕ್ಟರು ಕೊಟ್ಟ ಕಂದು ಬಣ್ಣದ ಔಷಧದ ನೀರಿನಲ್ಲಿ ನಾಲ್ಕೂ ಮೊಲೆಯನ್ನು ಅದ್ದುವುದು. ಆ ಹೊತ್ತಿಗೆ ಮೊಲೆಯ ತುದಿ ಬಾಯಿ ತೆರೆದಿರುತ್ತದೆ, ಆಕಳು ಸಗಣಿಯಲ್ಲಿ ಮಲಗಿದರೆ ರೋಗ ಒಳಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಚಿಗವ್ವ ಮೇವು ಹಾಕುವ ಹೊತ್ತನ್ನೇ ಬದಲಿಸಿದಳು: ಹಿಂಡುವ ಮೊದಲು ಹಾಕುತ್ತಿದ್ದ ಕಣಿಕೆಯನ್ನು ಹಿಂಡಿದ ಮೇಲೆ ಹಾಕಿಸಿದಳು. ತಿನ್ನುವವಳು ಮಲಗುವುದಿಲ್ಲ.

ಹೀಗಿದ್ದರೂ ಮೂರನೆಯ ದಿನ ಮಾಸ್ತರರ ಹೆಂಡತಿ ಕರೆದು ತೋರಿಸಿದರು. ಆಕಳ ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕಿ, ಕೊಟ್ಟಿಗೆಯ ನೆಲ ಒದ್ದೆಯಾಗಿತ್ತು. ಮೊದಲ ಮನೆಗೆ ಹೋಗಲು ಚಿಗವ್ವ ದಿನಾ ಮಾಸ್ತರರ ಬಾಗಿಲು ದಾಟಲೇಬೇಕು. ದಾಟುವಾಗ, ಈಗ ಬರ್ತೇನಿ, ಸಿಟ್ಟಾಗಬ್ಯಾಡ ಎಂದು ಆಕಳಿಗೆ ಹೇಳಿ ಹೋಗುತ್ತಿದ್ದಳು. ಆ ದನಿ ಕೇಳಿದ್ದೇ ಅದು ಹಾಲು ಇಳಿಸಿ, ಹಿಂಡುವವರಿಲ್ಲದೆ ಸುರಿಸುತ್ತ ನಿಲ್ಲುತ್ತಿತ್ತು. ರೋಗದ ಹಾಲು ನೆಲಕ್ಕೆ, ನೆಲದ ಹೊಲಸು ತೆರೆದ ಮೊಲೆಗೆ.

ಮಾರನೆಯ ದಿನದಿಂದ ಅವಳು ಆ ಓಣಿ ಬಿಟ್ಟು ಹಿತ್ತಲಿನ ತಿಪ್ಪೆಯ ದಾರಿಯಲ್ಲಿ ಸುತ್ತಿ ಬರತೊಡಗಿದಳು. ಮಾತಿಲ್ಲ. ಬಳೆಯನ್ನು ಮೇಲಕ್ಕೆ ಸರಿಸಿ ಸೆರಗಿನಲ್ಲಿ ಬಿಗಿದುಕೊಂಡಿದ್ದಳು. ನಾನು ಏನೋ ಕೇಳಲು ಹೋದರೆ ಕೈ ಎತ್ತಿ ತಡೆದಳು. ಬಾವಿ ಓಣಿ ಮುಟ್ಟುವವರೆಗೆ ನಾವಿಬ್ಬರೂ ಕಳ್ಳರ ಹಾಗೆ ನಡೆದೆವು. ಎಲ್ಲ ಮುಗಿಸಿ, ಕೊನೆಗೆ ಮಾಸ್ತರರ ಬಾಗಿಲಿಗೆ ಬಂದಾಗ ಮಾತು ಶುರು ಮಾಡುತ್ತಿದ್ದಳು, ಬೆಳಗಿನಿಂದ ಕಟ್ಟಿಟ್ಟಿದ್ದನ್ನೆಲ್ಲ ಸೇರಿಸಿ. ಆಕಳು ಕಿವಿ ನಿಗುರಿಸಿ ಕೇಳುತ್ತಿತ್ತು. ನಲವತ್ತು ವರ್ಷದ ಅಭ್ಯಾಸವನ್ನು ಒಂದು ರಾತ್ರಿಯಲ್ಲಿ ಬದಲಿಸುವುದು ನನ್ನ ವಯಸ್ಸಿನಲ್ಲಿ ನನ್ನಿಂದಲೂ ಆಗುತ್ತದೋ ಇಲ್ಲವೋ.

ತಿಂಗಳಾದ ಮೇಲೆ ಮತ್ತೆ ವಾಟಿ ಹಿಡಿದೆವು. ಬಾವಿ ಓಣಿ ಸ್ವಚ್ಛವೇ. ಟೇಲರ್ ಮನೆಯದು ಸ್ವಚ್ಛ. ಗಿರಣಿಯವರದು ಔಷಧದ ನಂತರ ನೀರಿನ ಹಾಗೆ ತಿರುಗಿತು. ಮಾಸ್ತರರ ಆಕಳ ಮೂರನೆಯ ವಾಟಿ ಮಾತ್ರ ಮತ್ತೆ ಮುದ್ದೆ. ಆ ಮೊಲೆಯೊಳಗೆ ರೋಗ ಮನೆ ಮಾಡಿದೆ, ಅದನ್ನು ಬತ್ತಿಸಿಬಿಡುವುದೇ ಸರಿ ಎಂದು ಡಾಕ್ಟರು ಹೇಳಿದರು. ಮಾಸ್ತರರ ಹೆಂಡತಿಗೆ ಕಣ್ಣು ತುಂಬಿತು. ಮೂರರಲ್ಲೇ ನಾಲ್ಕರ ಹಾಲು ತೆಗೀತೇನಿ, ನೋಡ್ತಾ ಇರು ಎಂದು ಚಿಗವ್ವ ಅವರಿಗೆ ಹೇಳಿದಳು. ಅಷ್ಟು ತೆಗೆಯಲು ಆಗಲಿಲ್ಲ. ನೋಟ್‌ಬುಕ್ ನೋಡಿ ಹೇಳುತ್ತಿದ್ದೇನೆ. ಆದರೆ ಬಹಳ ಕಡಿಮೆಯೂ ಆಗಲಿಲ್ಲ.

ಗೌಡರ ಮನೆಯಲ್ಲಿ ಅಷ್ಟರಲ್ಲಿ ಆಳು ಹಿಂಡುತ್ತಿದ್ದ, ಹೆಬ್ಬೆರಳು ಮಡಚಿ. ಮೊಲೆ ಬಿರುಕು ಬಿಟ್ಟಿತು, ಹಿಂಗಾಲಿಗೆ ಹಗ್ಗ ಬಿತ್ತು, ಮೂರನೆಯ ಆಕಳಿಗೂ ರೋಗ ಹತ್ತಿತು. ಸಂಘಕ್ಕೆ ಅವರ ಹಾಲು ಬರುವುದೇ ನಿಂತಿತು.

ಒಂದು ಬೆಳಿಗ್ಗೆ ಗೌಡಸಾನಿ ತಾವೇ ಬಂದರು. ಸಂಘದ ಕಟ್ಟೆಗೆ ಅವರು ಹಿಂದೆಂದೂ ಬಂದದ್ದು ನನಗೆ ನೆನಪಿಲ್ಲ. ಚಿಗವ್ವ ಸುತ್ತು ಮುಗಿಸಿ, ಅರಿವೆಗಳನ್ನು ಕುದಿಯುವ ನೀರಿಗೆ ಹಾಕಲು ನನ್ನ ಹತ್ತಿರ ಬಂದು ಕೂತಿದ್ದಳು. ಗೌಡಸಾನಿ ನನ್ನ ಮುಖ ನೋಡಿ, ಆಕೆಗೆ ಬರಲು ಹೇಳಿ ಎಂದರು. ಇಲ್ಲೇ ಇದ್ದಾಳಲ್ಲ, ನೀವೇ ಹೇಳಿ ಎಂದೆ. ಅವರು ಚಿಗವ್ವನ ಕಡೆ ತಿರುಗಿ, ನಾಳೆಯಿಂದ ಬಾ ಎಂದರು.

"ಬರ್ತೇನ್ರಿ. ಆದ್ರ ಮಾಸ್ತರರ ಮನಿ ಆದ ಮ್ಯಾಲೆ" ಎಂದಳು ಚಿಗವ್ವ.

ಗೌಡಸಾನಿಯ ಮುಖ ಬಿಗಿಯಿತು. "ಎಲ್ಲಾರ ಮನಿ ಮುಗಿಸಿ, ಕೊನಿಗೆ ನಮ್ಮನಿ?"

ಚಿಗವ್ವ ಅರಿವೆಗಳನ್ನು ಕೋಲಿನಿಂದ ನೀರಿನಲ್ಲಿ ಒತ್ತುತ್ತ, ತಲೆ ಎತ್ತದೆ ಹೇಳಿದಳು: "ಕೊನಿಗೆ ಆಕಳ್ರಿ. ಮನಿ ಅಲ್ಲ."

ಗೌಡಸಾನಿ ಕುದಿಯುವ ನೀರಿನ ಬಣ್ಣದ ಅರಿವೆಗಳನ್ನು ನೋಡಿದರು. ಆಮೇಲೆ ಕೇಳಿದರು, ಸಾಬೂನು ಯಾವುದು ತರಿಸಲಿ ಎಂದು.